ಕಾಯಿ ಕಟ್ಟದ ಹೂ

ಅಮೃತಹಳ್ಳಿ
3 ಡಿಸೆಂಬರ್ 2024

ಶೀತಲ್ ಟೀಚರಮ್ಮನಿಗೆ ಮುನಿಯಲ್ಲಮ್ಮ ಬರೆಯೋದು.

ಹೆರಿಗೆಗೆ ಅಂತ ಊರಿಗೆ ಹೋಗುವಾಗ ನೀನು ಸ್ಟಾಂಪು ಅಂಟಿಸಿ, ನಿಮ್ಮಮ್ಮನ ಮನೆ ಅಡ್ರೆಸ್ಸು ಬರೆದು ಹತ್ತು ಕವರು ಬಿಟ್ಟು ಹೋಗಿದ್ದೆಯಲ್ಲ, ಮಕ್ಕಳು ವಾರವಾರ ಜೇನಿನ ಸಮಾಚಾರ ಬರೀಲಿ ಅಂತ. ಮಕ್ಕಳು ಎರಡು ಕವರಲ್ಲಿ ದೋಣಿ ಮಾಡಿದವು. ಉಳಿದ ಎಂಟನ್ನ ನಾನು ಕಿತ್ತಿಟ್ಕೊಂಡಿದೀನಿ. ನನ್ನ ಅಕ್ಷರ ನೋಡಿ ನಗಬೇಡ. ಮೂರನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಎಮ್ಮೆ ಹಿಂದೆ ಹೋದವಳು ನಾನು. ಫೋನ್ ಮಾಡಬಹುದಿತ್ತು. ಎಡಗಿವಿ ಕೇಳಲ್ಲ. ಬಲಗಿವಿಗೆ ಇಟ್ಕೊಂಡ್ರೆ ಕೂಗ್ತೀನಿ. ಬಸುರಿ ಹೆಂಗಸಿನ ಹತ್ರ ಕೂಗಬಾರದು.

ವಿಷಯಕ್ಕೆ ಬರ್ತೀನಿ. ಹೋದ ಗುರುವಾರ ನಾಲ್ಕನೇ ಕ್ಲಾಸಿನ ವನಿತಾಗೆ ಜೇನು ಕಚ್ಚಿತು. ಶಾಲೆಯ ಹಳೇ ಅಡುಗೆಮನೆ ಗೋಡೇಲಿ ಗೂಡು ಕಟ್ಟಿದಾವಲ್ಲ ನಿನ್ನ ತುಡುವೆ ಜೇನು, ಆ ತೂತಿಗೆ ಮೂಗು ಇಟ್ಕೊಂಡು ನಿಂತಿದ್ದಳಂತೆ, ಒಳಗೆ ರಾಣಿ ಕಾಣ್ತಾಳಾ ಅಂತ. ರಾಣಿ ಕಾಣಲಿಲ್ಲ. ರೆಪ್ಪೆ ಮೇಲೆ ಒಂದು ಬಿತ್ತು. ಕಣ್ಣು ಇಡ್ಲಿ ಅಂಗೆ ಊದಿಕೊಳ್ತು. ಮುಳ್ಳು ಕೆರೆದು ತೆಗೆದವಳು ನಾನೇ. ಎರಡು ದಿನಕ್ಕೆ ಇಳೀತು. ಹುಡುಗಿ ಅಳಲಿಲ್ಲ. ಅವಳ ತಾಯಿ ಕಲಾವತಿ ಅತ್ತಳು, ಬೀದಿಗೆಲ್ಲ ಕೇಳೋ ಅಂಗೆ.

ಅದು ಶಾಲಾ ಸಮಿತಿ ಅಧ್ಯಕ್ಷನ ಕಿವಿಗೆ ಬಿತ್ತು. ನಂದಕುಮಾರ. ಚಡ್ಡಿ ಹಾಕೋ ವಯಸ್ಸಲ್ಲಿ ನಮ್ಮ ತೋಟದ ಸೀಬೆಕಾಯಿ ಕದೀತಿದ್ದ, ಈಗ ಬಿಳೀ ಶರ್ಟು ಹಾಕ್ಕೊಂಡು ಬರ್ತಾನೆ.

"ಅತ್ತೆ, ಔಷಧಿ ಹೊಡೆಯೋರಿಗೆ ಹೇಳಿದೀನಿ. ಹುಳ ಸಾಯಿಸಿ ತೂತಿಗೆ ಸಿಮೆಂಟ್ ಬಳಿದುಬಿಡೋಣ."

"ಬಳಿ. ಮಿಕ್ಕಿದ್ದನ್ನ ನಿನ್ನ ಬಾಯಿಗೆ ಬಳ್ಕೋ. ಟೀಚರಮ್ಮ ಬರೋವರೆಗೂ ಆ ಗೋಡೆ ಮುಟ್ಟಿದ್ರೆ ನೋಡು."

"ಹುಳದಿಂದ ಏನ್ ಉಪಯೋಗ ಹೇಳಿ ಮತ್ತೆ? ತುಪ್ಪ ಇಳಿಸಂಗಿಲ್ಲ ಅಂತಾರೆ ನಿಮ್ಮ ಟೀಚರು."

"ಕುಂಬಳಕಾಯಿ ಕಟ್ಟಿಸ್ತಾವೆ ಕಣೋ. ಮಕ್ಕಳನ್ನ ಕೇಳು."

"ಸರಿ. ಕಾಂಪೌಂಡ್ ಹತ್ರ ಮಕ್ಕಳು ನೆಟ್ಟಿರೋ ಬಳ್ಳೀಲಿ ಸಂಕ್ರಾಂತಿ ಒಳಗೆ ಒಂದೇ ಒಂದು ಕಾಯಿ ತೋರಿಸಿ. ಹುಳ ಇರಲಿ. ಇಲ್ಲಾಂದ್ರೆ ಔಷಧಿ."

"ಹತ್ತು ತೋರಿಸ್ತೀನಿ, ಹೋಗೋ."

ಮಾತು ಕೊಟ್ಟುಬಿಟ್ಟೆ. ನಿಜ ಹೇಳ್ಲಾ ಟೀಚರಮ್ಮ? ಹುಳ ಕಾಯಿ ಕಟ್ಟಿಸೋದು ನೀನು ಮಕ್ಕಳಿಗೆ ಕಟ್ಟಿದ ಕತೆ ಅಂತ್ಲೇ ನಾನು ತಿಳ್ಕೊಂಡಿರೋದು. ನಾವು ಗೊಬ್ಬರ ಹಾಕ್ತಿದ್ವಿ, ನೀರು ಬಿಡ್ತಿದ್ವಿ, ಕಾಯಿ ಆಗ್ತಿತ್ತು. ಆದ್ರೂ ನಿನ್ನ ಗೂಡು ನಾನು ಕಾಯ್ತೀನಿ. ಇಪ್ಪತ್ತು ವರ್ಷ ಆ ಶಾಲೇಲಿ ಬಿಸಿಯೂಟ ಬೇಯಿಸಿದೀನಿ, ಬಿಟ್ಟು ಎರಡು ವರ್ಷ ಆದ್ರೂ ಗೇಟಿನ ಬೀಗದಕೈ ನನ್ನ ಸೊಂಟದಲ್ಲೇ ಇದೆ.

ಹೊತ್ತಿಗೆ ಸರಿಯಾಗಿ ಉಣ್ಣು.

ಮುನಿಯಲ್ಲಮ್ಮ


ರೋಣ
11 ಡಿಸೆಂಬರ್ 2024

ಮುನಿಯಲ್ಲಮ್ಮಾರಿಗೆ ಶೀತಲ್‌ಳ ನಮಸ್ಕಾರಗಳು.

ನಿಮ್ಮ ಅಕ್ಷರ ನೋಡಿ ನಕ್ಕಿಲ್ರಿ. ನಂದಕುಮಾರ್ ಅವರಿಗೆ ಸಿಮೆಂಟಿನ ಬಗ್ಗೆ ನೀವು ಹೇಳಿದ್ದು ಓದಿ ಮಾತ್ರ ಭಾಳ ನಕ್ಕೆ. ಅವ್ವ ಒಳಗಿಂದ ಓಡಿ ಬಂದಳು, ಹೊಟ್ಟಿ ಹಿಡಕೊಂಡು ಕೂತೀಯಲ್ಲ, ನೋವು ಬಂತೇನು ಅಂತ.

ನಾನು ಆರಾಮ ಅದೀನಿ. ನನ್ನ ಚಿಂತಿ ಮಾಡಬ್ಯಾಡ್ರಿ.

ವನಿತಾ ಗೂಡಿಗೆ ಮೂಗು ಹಚ್ಚಿ ನಿಂತಿದ್ದಳು ಅಂದ್ರಲ್ಲ, ಕಣ್ಣು ಊದಿದ್ದಕ್ಕ ಕೆಟ್ಟ ಅನಿಸ್ತು, ಆದರ ಒಳಗೊಳಗ ಸಂತೋಷನೂ ಆತು. ಜೂನ್ ತಿಂಗಳದಾಗ ಒಂದು ಕರೇ ದುಂಬಿ ಕ್ಲಾಸಿನೊಳಗ ಬಂದಾಗ ಬೆಂಚಿನ ಕೆಳಗ ಹೊಕ್ಕು, ಮಧ್ಯಾಹ್ನ ಊಟಕ್ಕೂ ಹೊರಗ ಬರಲಾರದ ಹುಡುಗಿ ಅಕಿ. ನಾ ಈ ಮಕ್ಕಳಿಗೆ ಮೊದಲು ಯಾವ ಹೆಸರೂ ಹೇಳಿಕೊಡಲಿಲ್ರಿ. ಬಳ್ಳಿ ಮುಂದ ಐದು ನಿಮಿಷ ಸುಮ್ಮನ ಕೂಡೂದಷ್ಟ ಕಲಿಸಿದೆ. ಅದಕ್ಕ ಹದಿನೈದು ದಿನ ಹಿಡೀತು. ಆಮ್ಯಾಲೆ ಯಾವ ಹೂವಿಗೆ ಯಾರು ಬಂದ್ರು ಎಣಿಸೂದು. ತುಡುವೆ ಬಂದರ ಒಂದು ಗೀಟು, ದುಂಬಿ ಬಂದರ ಒಂದು ಸೊನ್ನಿ, ಚಿಟ್ಟಿ ಬಂದರ ಒಂದು ನಕ್ಷತ್ರ. ಒಂದಿನ ಒಬ್ಬಾಕಿ ಕೇಳಿದಳು, "ಟೀಚರ್, ಇರುವೆ ನಡ್ಕೊಂಡು ಬಂತು, ಅದನ್ನ ಬರೀಬೇಕಾ?" ಅಂತ. ಬರಿ ಅಂದೆ. ಬಂದವರೆಲ್ಲ ಬಂದವರೇ.

ಹೂವಿನ ವಿಷಯ ಮಕ್ಕಳಿಗೆ ಎಲ್ಲ ಗೊತ್ತದ. ನಿಮಗೇನರೆ ಸಂಶಯ ಬಂದ್ರ ಅವರನ್ನೇ ಕೇಳ್ರಿ. ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ. ಗೂಡಿನ ಹತ್ರ ಮಕ್ಕಳನ್ನ ಬೈಬ್ಯಾಡ್ರಿ. ಜೇನಿಗೆ ಕಿವಿ ಇಲ್ಲ, ಮಕ್ಕಳಿಗೆ ಅದಾವ.

ನಿಮ್ಮ
ಶೀತಲ್


ಅಮೃತಹಳ್ಳಿ
24 ಡಿಸೆಂಬರ್ 2024

ಟೀಚರಮ್ಮನಿಗೆ,

ಮೂರನೇ ಕ್ಲಾಸಿನವಳು ನಾಲ್ಕನೇ ಕ್ಲಾಸಿನವರನ್ನ ಕೇಳಿ ತಿಳ್ಕೋಬೇಕಂತೆ. ಆಯ್ತು ಬಿಡು. ಅರವತ್ತಾರು ವರ್ಷಕ್ಕೆ ಅದೊಂದು ಬಾಕಿ ಇತ್ತು.

ಬಳ್ಳಿ ಚೆನ್ನಾಗೇ ಹಬ್ಬಿದೆ. ಮೂರು ಬುಡಾನೂ ಕಾಂಪೌಂಡ್ ಹತ್ತಿ ಆಚೆ ಫುಟ್‌ಪಾತಿಗೆ ಇಣುಕ್ತಾ ಇದೆ. ಹೂವೂ ಸುರೀತಾ ಇದೆ. ಧನುರ್ಮಾಸ ಬಂತಲ್ಲ, ನನಗೆ ಅನುಕೂಲ ಆಯ್ತು. ದಿನಾ ಐದು ಗಂಟೆಗೆ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಸಗಣಿ ಉಂಡೆಗಳನ್ನ ಕಟ್ಟಿ, ಒಂದೊಂದರ ನೆತ್ತಿ ಮೇಲೂ ಕುಂಬಳದ ಹೂ ಸಿಕ್ಕಿಸ್ತೀನಿ. ನಿಮ್ಮ ಕಡೆ ಇದೆಯೋ ಇಲ್ವೋ, ನಮ್ಮಲ್ಲಿ ತಿಂಗಳು ಪೂರ್ತಿ ಮಾಡಬೇಕು. ಈಗ ಈ ಬೀದೀಲಿ ಮಾಡೋಳು ನಾನೊಬ್ಬಳೇ. ಮಿಕ್ಕವರೆಲ್ಲ ರಂಗೋಲಿ ಸ್ಟಿಕ್ಕರ್ ಅಂಟಿಸಿದಾರೆ. ಸಗಣಿ ಜಕ್ಕೂರಿನಿಂದ ಬರಬೇಕು, ಹೂ ಮಾತ್ರ ಶಾಲೆ ಬಳ್ಳೀದೇ. ಹೆದರಬೇಡ, ಕೆಳಗೆ ಹೀಚು ಇರೋ ಹೂವನ್ನ ಬೆರಳಲ್ಲೂ ಮುಟ್ಟಲ್ಲ. ಕಾಯಿ ಕಟ್ಟದ ಹೂ ಇರುತ್ತಲ್ಲ, ಸಣ್ಣ ತೊಟ್ಟಿಂದು, ಅದನ್ನ ಮಾತ್ರ ಒಂದೂ ಬಿಡದ ಅಂಗೆ ಕಿತ್ಕೋತೀನಿ. ದೇವರಿಗೂ ಆಯ್ತು, ಬಳ್ಳಿಗೂ ಭಾರ ಕಮ್ಮಿ.

ಆದ್ರೆ ಕಾಯಿ ನಿಲ್ತಾ ಇಲ್ಲ. ಹೀಚು ಬರುತ್ತೆ, ಮೂರು ದಿನ ಇರುತ್ತೆ, ಹಳದಿ ತಿರುಗುತ್ತೆ, ಉದುರುತ್ತೆ. ಇವತ್ತಿಗೆ ಏಳು ಉದುರಿದೆ. ಹುಳ ಬರ್ತಾವೆ, ಸುತ್ತಾಡ್ತಾವೆ, ಹೋಗ್ತಾವೆ. ನಂದಕುಮಾರ ದಿನಾ ಸ್ಕೂಟರ್ ನಿಲ್ಲಿಸಿ ಕೇಳ್ತಾನೆ, "ಎಷ್ಟಾಯ್ತು ಅತ್ತೆ, ಹತ್ತು ಆಯ್ತಾ?" ಅಂತ. ಅವನ ಹಲ್ಲು ನೋಡೋಕಾಗಲ್ಲ.

ನಿನ್ನೆ ಕಳ್ಳಿ ಸಿಕ್ಕಿದಳು. ಬೆಳಿಗ್ಗೆ ಏಳೂಕಾಲಿಗೆ ನಾನು ಗೇಟಿನ ಹತ್ರ ಹೋದ್ರೆ, ಕಾಂಪೌಂಡ್ ಮುರಿದಿರೋ ಕಡೆಯಿಂದ ನುಸುಳಿ ಬಂದು ಬಳ್ಳಿ ಮುಂದೆ ಕೂತಿದಾಳೆ ನಿನ್ನ ವನಿತಾ. ಕೈಯಲ್ಲಿ ಒಂದು ಹೀಚು.

"ಏನೇ ಮಾಡ್ತಾ ಇದೀಯ?"

"ನೋಡ್ತಾ ಇದೀನಿ ಅಜ್ಜಿ."

"ಕೈಯಲ್ಲಿ ಏನದು?"

"ಬಿದ್ದಿತ್ತು."

"ಬಿದ್ದಿತ್ತಾ, ಬೀಳಿಸಿದ್ಯಾ? ಕಚ್ಚಿಸಿಕೊಂಡ ಸಿಟ್ಟಿಗೆ ಹುಳಕ್ಕೆ ಔಷಧಿ ಹೊಡೆಸಬೇಕು ಅಂತ ತಾನೆ?"

ಬಾಯಿ ಬಿಡಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದಳು. ಬಾಯಿ ಬಿಡದೆ ಇದ್ದದ್ದೇ ಸಾಕ್ಷಿ. ಪ್ರೇಯರ್ ಟೈಮಲ್ಲಿ ಎಲ್ಲರ ಎದುರಿಗೆ ಬೈದೆ. ಇನ್ನು ಆ ಕಡೆ ಕಾಲಿಟ್ರೆ ಕಾಲು ಮುರೀತೀನಿ ಅಂದೆ. ಅವಳೊಬ್ಬಳಿಗೆ ಹೇಳಿದ್ರೆ ಈಗ ಯಾವ ಮಗೂನೂ ಬಳ್ಳಿ ಹತ್ರ ಬರ್ತಾ ಇಲ್ಲ. ಒಳ್ಳೇದೇ ಆಯ್ತು. ಇನ್ನು ಕಾಯಿ ನಿಲ್ಲುತ್ತೆ.

ಗೂಡಿನ ಹತ್ರ ಬೈಯಲಿಲ್ಲ. ನೀನು ಹೇಳಿದ್ದೆಯಲ್ಲ.

ಮುನಿಯಲ್ಲಮ್ಮ


ರೋಣ
31 ಡಿಸೆಂಬರ್ 2024

ಮುನಿಯಲ್ಲಮ್ಮಾರಿಗೆ ನಮಸ್ಕಾರ.

ಈ ಕಾಗದ ಮೂರು ಸಲ ಬರೆದು ಹರದೀನಿ. ಇದು ನಾಲ್ಕನೇದು.

ವನಿತಾ ಹೀಚು ಕೀಳೂ ಹುಡುಗಿ ಅಲ್ರಿ. ಅಷ್ಟು ಮಾತ್ರ ನಂಬ್ರಿ.

ನನ್ನ ಸಲುವಾಗಿ ಒಂದು ಕೆಲಸ ಮಾಡ್ತೀರೇನು? ಒಂದ ದಿನ, ಬೆಳಿಗ್ಗೆ ಏಳಕ್ಕ, ಹುಳ ಬರೂ ಹೊತ್ತಿಗೆ ಬಳ್ಳಿ ಮುಂದ ಕೂಡ್ರಿ. ಹೀಚು ಇಲ್ಲದ ಹೂ ಎಷ್ಟು ಅರಳ್ಯಾವ, ಎಣಿಸಿ ಬರೀರಿ. ಮಕ್ಕಳು ಅದಕ್ಕ ಗಂಡು ಹೂ ಅಂತಾರ. ಹಳದಿ ಹುಡಿ ಇರೂದು ಅದರಾಗ ಮಾತ್ರ. ಹುಳದ ಮೈಗೆ ಹತ್ತಿ ಆ ಹುಡಿ ಹೀಚಿನ ಹೂವಿಗೆ ಮುಟ್ಟಿದರ ಕಾಯಿ ನಿಲ್ಲತದ. ಮತ್ತೇನಿಲ್ಲ.

ಸಂಕ್ರಾಂತಿಗೆ ಇನ್ನೂ ಹದಿನಾಲ್ಕು ದಿನ ಅದಾವ.

ಅವ್ವ ಕರೀಲಿಕ್ಹತ್ಯಾಳ. ಇಲ್ಲಿಗೆ ನಿಲ್ಲಸ್ತೀನಿ.

ಶೀತಲ್


ಅಮೃತಹಳ್ಳಿ
6 ಜನವರಿ 2025

ಟೀಚರಮ್ಮನಿಗೆ,

ಶನಿವಾರ ನಿನ್ನ ಕಾಗದ ಬಂತು. ಓದಿದೆ. ಎಣಿಸೋಕೆ ಹೋಗಲ್ಲ.

ಮನಸ್ಸಲ್ಲಿ ಇರೋದನ್ನ ನೇರವಾಗಿ ಹೇಳೋಕೆ ಬಾಯಿಲ್ಲದೆ ನನಗೆ ಮಕ್ಕಳ ಅಂಗೆ ಪಾಠ ಕೊಡ್ತೀಯ? ನಾನು ಹುಟ್ಟಿದಾಗಿಂದ ಧನುರ್ಮಾಸಕ್ಕೆ ಹೂ ಕಿತ್ತಿದೀನಿ. ನಮ್ಮವ್ವ ಕಿತ್ತಿದಾಳೆ, ಅವಳ ಅತ್ತೆ ಕಿತ್ತಿದಾಳೆ. ನಮ್ಮ ಹೊಲದಿಂದ ಎತ್ತಿನ ಗಾಡಿ ತುಂಬ ಕುಂಬಳಕಾಯಿ ಹೇರಿ ಯಶವಂತಪುರಕ್ಕೆ ಕಳಿಸಿದೀವಿ. ಯಾವ ಕಾಯಿ ಉದುರಿ ಹೋಗಿತ್ತು ಆಗ? ದೇವರಿಗೆ ಇಟ್ಟ ಹೂವಿಂದ ಬಳ್ಳಿ ಬರಡಾಗುತ್ತಾ? ಇಂಗೆಲ್ಲ ಹೇಳೋಕೆ ನೀನು ಯಾರು?

ನಿನ್ನ ಗೂಡಿಗೋಸ್ಕರ ಊರವರ ಬಾಯಿಗೆಲ್ಲ ಸಿಕ್ಕಿದೀನಿ ನಾನು. ನೆನಪಿರಲಿ.

ಇನ್ನು ಕಾಗದ ಬರೀಬೇಡ.

ನೀರು ಜಾಸ್ತಿ ಕುಡಿ. ಈ ತಿಂಗಳಲ್ಲಿ ಕಾಲು ಊದುತ್ತೆ.

ಮುನಿಯಲ್ಲಮ್ಮ


ಅಮೃತಹಳ್ಳಿ
15 ಜನವರಿ 2025

ಟೀಚರಮ್ಮನಿಗೆ,

ನೀನು ಬರೀಲಿಲ್ಲ. ಬರೀಬೇಡ ಅಂದವಳು ನಾನೇ. ಆದ್ರೂ ದಿನಾ ಪೋಸ್ಟಿನವನು ಬರೋ ಹೊತ್ತಿಗೆ ಬಾಗಿಲಲ್ಲೇ ಕೂತಿರ್ತಿದ್ದೆ. ಕೋಪ ಮಾಡ್ಕೊಂಡಿದ್ರೆ ಮಾಡ್ಕೋ. ಮಾಡ್ಕೋಬೇಕಾದ್ದೇ. ಆದ್ರೆ ಇದನ್ನ ಪೂರ್ತಿ ಓದು.

ನಾಲ್ಕು ದಿನ ಹಟ ಹಿಡಿದೆ. ಐದನೇ ದಿನ, ಶನಿವಾರ, ಎಣಿಸೋಕೆ ಹೋದೆ. ಅವತ್ತೂ ಐದು ಗಂಟೆಗೆ ಹೂ ಕಿತ್ತಿದ್ದೆ. ಏಳು ಗಂಟೆಗೆ ಬಳ್ಳಿ ಮುಂದೆ ಕುಕ್ಕರಗಾಲಲ್ಲಿ ಕೂತೆ. ಹೀಚಿನ ಹೂ ಎರಡು ಅರಳಿತ್ತು. ಇನ್ನೊಂದು ಜಾತಿ ಹೂ, ಸೊನ್ನೆ. ಒಂದು ತುಡುವೆ ಬಂತು. ಹೀಚಿನ ಹೂವೊಳಗೆ ಇಳೀತು, ಎದ್ದು ಬಂತು. ಮೈ ಬರೀ ಮೈ, ಕಾಲು ಬರೀ ಕಾಲು. ಪಕ್ಕದ ಹೂವಿಗೆ ಹೋಯ್ತು. ಅಲ್ಲೂ ಅಷ್ಟೇ. ಎಲೆ ಎಲ್ಲ ಹುಡುಕಿ ಹೊರಟು ಹೋಯ್ತು. ಉಂಡು ಹೋಗು ಅಂತ ಕರೆದು ಬರೀ ಎಲೆ ಹಾಸಿದ ಅಂಗೆ ಆಯ್ತು ನನಗೆ.

ಮಾರನೇ ದಿನ ಕೀಳಲಿಲ್ಲ. ಒಂಬತ್ತು ಹೂ ಅರಳಿತ್ತು. ಹುಳ ಒಳಗೆ ಹೊಕ್ಕು ಹೊರಳಾಡಿ, ಹಿಟ್ಟಿನ ಮಿಲ್ಲಿಂದ ಬಂದವನ ಅಂಗೆ ಮೈಯೆಲ್ಲ ಹಳದಿ ಮಾಡ್ಕೊಂಡು ಎದ್ದು ಬಂತು. ಸೀದಾ ಹೀಚಿನ ಹೂವಿಗೆ. ನಾನು ಕಣ್ಣಾರೆ ನೋಡಿದೆ ಕಣಮ್ಮ. ಒಂದು ದುಂಬೀನೂ ಬಂತು, ದಪ್ಪದ್ದು. ಅದು ಕೂತ್ರೆ ಹೂವೇ ಬಗ್ಗುತ್ತೆ.

ಹಿಂದೆ ನಮ್ಮ ಹೊಲದಲ್ಲಿ ಎರಡು ಎಕರೆ ತುಂಬ ಬಳ್ಳಿ ಇತ್ತು. ಒಂದು ಪುಟ್ಟಿ ಹೂ ಕಿತ್ರೆ ಹತ್ತು ಪುಟ್ಟಿ ಉಳೀತಿತ್ತು. ಕಾಯಿ ಯಾಕೆ ನಿಲ್ಲುತ್ತೆ ಅಂತ ಯೋಚನೆ ಮಾಡೋ ಪ್ರಮೇಯವೇ ಬರಲಿಲ್ಲ. ಈಗ ಇರೋದು ಮೂರು ಬುಡ. ಹೊಲ ಹೋಗಿ ಅಪಾರ್ಟ್‌ಮೆಂಟು ಬಂದಿದ್ದು ಕಣ್ಣಿಗೆ ಗೊತ್ತು, ಕೈಗೆ ಗೊತ್ತಾಗಿಲ್ಲ. ಅದು ಹಳೇ ಹೊಲದಲ್ಲೇ ಕೀಳ್ತಾ ಇತ್ತು.

ಅವತ್ತು ಸಾಯಂಕಾಲ ವನಿತಾ ಮನೆಗೆ ಹೋದೆ. ಕಲಾವತಿ ಬಾಗಿಲಲ್ಲೇ ನಿಲ್ಲಿಸಿದಳು. "ಇನ್ನೇನ್ ಉಳ್ಕೊಂಡಿದೆ ಬೈಯೋಕೆ?" ಅಂದಳು. ಹುಡುಗೀನ ಕರಿಯಮ್ಮ ಅಂತ ಮೆತ್ತಗೆ ಕೇಳಿದೆ. ನನಗೇ ಆಶ್ಚರ್ಯ. ಹುಡುಗಿ ಹಿಂದಿನಿಂದ ಬಂದಳು. ನೀನು ಅವತ್ತು ಬೆಳಿಗ್ಗೆ ಏನೇ ನೋಡ್ತಾ ಇದ್ದೆ ಅಂತ ಕೇಳಿದೆ. ಒಳಗೆ ಹೋಗಿ ಒಂದು ನೋಟ್‌ಬುಕ್ ತಂದು ಕೈಗೆ ಕೊಟ್ಟಳು. ದಿನಕ್ಕೊಂದು ಸಾಲು. ಒಂದನ್ನ ಅಂಗೇ ಇಳಿಸ್ತೀನಿ ನೋಡು.

"ಡಿಸೆಂಬರ್ 18. ಗಂಡು ಹೂ. ಬಳ್ಳೀಲಿ 0, ಅಜ್ಜಿ ಮನೆ ಬಾಗಿಲಲ್ಲಿ 8. ಬಿದ್ದ ಹೀಚು 1."

ಎಲ್ಲಾ ದಿನಾನೂ ಅಂಗೇ. ಶಾಲೆಗೆ ಬರೋ ದಾರೀಲಿ ನನ್ನ ಬಾಗಿಲಲ್ಲಿ ನಿಂತು ಎಣಿಸಿದಾಳೆ. ನಾನು ಅವಳಿಗೆ ಬೈದ ದಿನಾನೂ ಬರೆದಿದಾಳೆ. ಬಳ್ಳೀಲಿ 0, ಬಾಗಿಲಲ್ಲಿ 7.

"ಗೊತ್ತಿದ್ದೂ ಯಾಕೇ ಹೇಳಲಿಲ್ಲ?"

"ಹೇಳಿದ್ರೆ ನೀವು ಬೈತಿದ್ರಿ."

ಆಮೇಲೆ ಕಾಲಲ್ಲಿ ನೆಲ ಕೆರೀತಾ ಅಂದಳು, "ಹೇಳ್ದೆ ಇದ್ರೂ ಬೈದ್ರಿ."

ತಪ್ಪಾಯ್ತು ಕಣೇ ಅಂದೆ. ಹುಡುಗಿ ಪುಸ್ತಕ ಈಸ್ಕೊಂಡು ಒಳಗೆ ಹೋದಳು. ನನ್ನ ಗಂಡ ಸತ್ತಾಗ ನಾನು ಅತ್ತಿರಲಿಲ್ಲ ಅಂತ ಈಗಲೂ ಆಡ್ಕೋತಾರೆ ಇಲ್ಲಿ. ಈ ಭಾನುವಾರ ನನ್ನ ಕಣ್ಣು ನೋಡಿ ಕಲಾವತಿ ನೀರು ತಂದುಕೊಟ್ಟಳು.

ಸೋಮವಾರ, ಹಬ್ಬದ ಹಿಂದಿನ ದಿನ, ನಂದಕುಮಾರ ಬಂದ. ಬೆನ್ನಿಗೆ ಕ್ಯಾನ್ ಕಟ್ಟಿಕೊಂಡ ಔಷಧಿಯವನೂ ಬಂದ. ಮಕ್ಕಳು, ಅಪ್ಪ ಅಮ್ಮಂದಿರು, ಮೇಷ್ಟ್ರುಗಳು, ಎಲ್ಲಾ ಅಡುಗೆಮನೆ ಗೋಡೆ ಮುಂದೆ.

"ಎಲ್ಲತ್ತೆ ಹತ್ತು ಕಾಯಿ?"

"ಕಾಯಿಲ್ಲ," ಅಂದೆ. "ಹುಳದ ತಪ್ಪಲ್ಲ. ಬಳ್ಳಿ ತಪ್ಪಲ್ಲ. ನಾನು ನಿಮ್ಮೆಲ್ಲರ ಎದುರಿಗೆ ಬೈದೆನಲ್ಲ ಈ ಹುಡುಗಿ, ಇವಳ ತಪ್ಪಂತೂ ಅಲ್ಲವೇ ಅಲ್ಲ. ಹುಳಕ್ಕೆ ಬೇಕಾದ ಹೂವನ್ನ ದಿನಾ ಬೆಳಗಾಗೋಕೆ ಮುಂಚೆ ಕಿತ್ಕೊಂಡು ಹೋದವಳು ನಾನು. ಔಷಧಿ ಹೊಡೀಲೇಬೇಕು ಅಂದ್ರೆ ನನಗೆ ಹೊಡಿ."

ನಂದಕುಮಾರ ತಲೆ ಕೆರ್ಕೊಂಡ. "ನಿಮಗೆ ಹೊಡೆದ್ರೆ ಔಷಧಿಗೇ ಏನಾದ್ರೂ ಆದೀತು ಅತ್ತೆ," ಅಂದ. ಎಲ್ಲರೂ ನಕ್ಕರು. ನಗಲಿ ಬಿಡು. ನಕ್ಕಿದ್ದಕ್ಕೇ ಗಡುವು ಸಿಕ್ತು. ಶಿವರಾತ್ರಿವರೆಗೆ ಬಿಟ್ಟಿದಾನೆ. ಆಮೇಲೆ ಒಂದು ದಿನಾನೂ ಕೊಡಲ್ಲ ಅಂದಿದಾನೆ. ವನಿತಾ ಅವಳಮ್ಮನ ಪಕ್ಕ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ.

ಹಬ್ಬದ ದಿನ ಸಗಣಿ ಉಂಡೆ ಮೇಲೆ ಚೆಂಡುಹೂ ಇಟ್ಟೆ. ದೇವರು ಏನೂ ಅನ್ನಲಿಲ್ಲ.

ಒಂದೇ ಒಂದು ಸಾಲು ಬರಿ. ಬೈದು ಬರೆದ್ರೂ ಪರವಾಗಿಲ್ಲ.

ಮುನಿಯಲ್ಲಮ್ಮ


ರೋಣ
25 ಜನವರಿ 2025

ಮುನಿಯಲ್ಲಮ್ಮಾರಿಗೆ ಶೀತಲ್‌ಳ ನಮಸ್ಕಾರಗಳು.

ನನಗ ಕೋಪ ಬಂದಿದ್ದಿಲ್ರಿ. ಜನವರಿ ಐದಕ್ಕ ಮಗಳು ಹುಟ್ಟಿದಳು. ಮೂರು ವಾರ ಮೊದಲೇ ಬಂದಾಳ, ಅವಸರದಾಕಿ. ಸಣ್ಣಾಕಿ ಇದ್ದಾಳ, ಆದರ ಹಾಲು ಕುಡೀತಾಳ, ದನಿ ಮಾತ್ರ ನಿಮ್ಮದರಂಗ ಅದ. ಕಾಗದ ಬರೀಬ್ಯಾಡ ಅಂದ ನಿಮ್ಮ ಪತ್ರ ಅವ್ವ ದವಾಖಾನಿಯೊಳಗ ಓದಿ ಹೇಳಿದಳು. "ಕಾಲು ಊದುತ್ತೆ" ಅನ್ನೂ ಸಾಲಿಗೆ ಬಂದಾಗ ಅವ್ವ ಅಂದಳು, "ಇಕಿಗೆ ಖರೇನ ನಿನ್ನ ಮ್ಯಾಲ ಸಿಟ್ಟಿಲ್ಲ ಬಿಡು."

ಆರಾಮ ಅದೀನಿ ಅಂತ ಡಿಸೆಂಬರದಾಗ ಬರೆದಿದ್ದು ಸುಳ್ಳು. ನವೆಂಬರದಿಂದ ಹಾಸಿಗಿ ಬಿಟ್ಟು ಏಳಬ್ಯಾಡ ಅಂದಿದ್ರು ಡಾಕ್ಟರು. ನೀವು ಬಸ್ ಹತ್ತಿ ಬಂದುಬಿಡ್ತೀರಿ ಅಂತ ಹೇಳಲಿಲ್ಲ.

ಅದಕ್ಕಿಂತ ದೊಡ್ಡದೊಂದು ಮುಚ್ಚಿಟ್ಟೀನಿ. ಧನುರ್ಮಾಸದ ಹೂವಿನ ಬಗ್ಗೆ ನೀವು ಬರೆದ ಕಾಗದ ಓದಿದ ಕೂಡ್ಲೆ ನನಗ ಎಲ್ಲ ತಿಳೀತು. ನೇರ ಬರೆದಿದ್ರ ಆವತ್ತೇ ಮುಗೀತಿತ್ತು. ನೀವು ನೊಂದುಕೋತೀರಿ ಅಂತ ನನಗ ನಾನೇ ಸಮಾಧಾನ ಹೇಳಿಕೊಂಡೆ. ಖರೇ ಹೇಳ್ಬೇಕಂದ್ರ ನಿಮ್ಮ ಬೈಗಳಕ್ಕ ಹೆದರಿದ್ದೆ. ಅದಕ್ಕ ಸುತ್ತು ಬಳಸಿ ಎಣಿಸ್ರಿ ಅಂದೆ. ಅಷ್ಟು ದಿನ ವನಿತಾ ನನ್ನ ಪಾಲಿನ ಬೈಗಳನೂ ಅನಿಸಿಕೊಂಡಳು. ನೀವು ಅಷ್ಟು ಜನರ ಮುಂದ ನಿಂತು ಹೇಳಿದ್ರಿ. ನಾನು ಕಾಗದದಾಗ ಹೇಳಲಿಲ್ಲ.

ವನಿತಾಗ ಮತ್ತ ಮತ್ತ ತಪ್ಪಾಯ್ತು ಅನ್ನಬ್ಯಾಡ್ರಿ. ಅಕಿಗೆ ನಾಚಿಕಿ ಆಗತದ. ಬೆಳಿಗ್ಗೆ ಬಳ್ಳಿ ಹತ್ರ ಅಕಿ ಪಕ್ಕದಾಗ ಕೂತು ನೀವೂ ಗೀಟು ಹಾಕ್ರಿ. ಅಕಿ ಮಾತಾಡದಿದ್ರ ನೀವೂ ಮಾತಾಡಬ್ಯಾಡ್ರಿ.

ಬೈಲಿಲ್ಲ, ನೋಡ್ರಿ. ನನಗ ಬರಂಗಿಲ್ಲ.

ನಿಮ್ಮ
ಶೀತಲ್


ಅಮೃತಹಳ್ಳಿ
18 ಫೆಬ್ರವರಿ 2025

ಟೀಚರಮ್ಮನಿಗೂ ಪುಟ್ಟಮ್ಮನಿಗೂ ಮುನಿಯಲ್ಲಮ್ಮನ ಆಶೀರ್ವಾದ.

ಗೂಡು ಉಳೀತು. ಮೊದಲು ಅದನ್ನ ಹೇಳಿಬಿಡ್ತೀನಿ, ನೀನು ಹಾಲು ಕುಡಿಸ್ತಾ ಓದ್ತಾ ಇರ್ತೀಯ, ಎದೆ ಹೊಡ್ಕೋಬಾರದು.

ಹೆಣ್ಣು ಮಗು ಅಂತ ಓದಿದ ದಿನ ಬೀದಿಗೆಲ್ಲ ಸಕ್ಕರೆ ಹಂಚಿದೆ. ಮುಚ್ಚಿಟ್ಟಿದ್ದಕ್ಕೆ ಬೈಯಬೇಕು ಅನ್ಕೊಂಡೆ. ಬಂದ ಮೇಲೆ ಬೈತೀನಿ, ಎದುರಿಗೆ ಬೈದ್ರೆ ರುಚಿ ಬೇರೆ. ನೇರವಾಗಿ ಹೇಳಲಿಲ್ಲ ಅಂತ ನೊಂದ್ಕೋಬೇಡ. ನೇರವಾಗಿ ಹೇಳಿದ್ರೆ ನಾನು ಆ ಕಾಗದ ಒಲೆಗೆ ಹಾಕಿರ್ತಿದ್ದೆ.

ನೀನು ಹೇಳಿದ ಅಂಗೇ ಮಾಡ್ದೆ. ದಿನಾ ಏಳು ಗಂಟೆಗೆ ಬಳ್ಳಿ ಹತ್ರ ಹೋಗಿ ಕೂತೆ. ಮೂರನೇ ದಿನ ವನಿತಾ ಬಂದಳು. ನನ್ನಿಂದ ಎರಡು ಮಾರು ದೂರ ಕೂತಳು. ಅವಳು ಅವಳ ಪುಸ್ತಕದಲ್ಲಿ ಬರೆದಳು, ನಾನು ಕ್ಯಾಲೆಂಡರ್ ಹಿಂದೆ ಬರೆದೆ. ಎರಡು ವಾರ ಒಂದೇ ಒಂದು ಮಾತಿಲ್ಲ. ನನಗೆ ಅದು ಎಷ್ಟು ಕಷ್ಟ ಅಂತ ನಿನಗೆ ಗೊತ್ತು. ಅಷ್ಟರಲ್ಲಿ ಮಿಕ್ಕ ಮಕ್ಕಳೂ ಒಂದೊಂದಾಗಿ ಬಂದವು. ಕಾಯಿ ಮೂರು ನಿಂತಿದೆ. ದೊಡ್ಡದು ಚೊಂಬಿನಷ್ಟು ಆಗಿದೆ. ನಂದಕುಮಾರ ಬಂದು ಬೆರಳಲ್ಲಿ ತಟ್ಟಿ ನೋಡಿದ. "ಕಾಯಿ ಸರಿ ಅತ್ತೆ. ನಾಳೆ ಇನ್ನೊಂದು ಮಗುಗೆ ಕಚ್ಚಿದ್ರೆ ಯಾರು ಜವಾಬ್ದಾರಿ?" ಅಂದ. ಶಿವರಾತ್ರಿ ಆದ ಮೇಲೆ ಏನಾದ್ರೂ ಮಾಡೇ ಮಾಡ್ತಾನೆ ಅನ್ಕೊಂಡೆ.

ಮೊನ್ನೆ ಶನಿವಾರ ಹನ್ನೊಂದೂವರೆಗೆ ಶಾಲೆ ಬಿಟ್ಟಿತ್ತು. ನಂದಕುಮಾರನ ಮನೆ ಕಡೆಯಿಂದ ಕೂಗು. ಓಡಿದೆ. ಅವನ ಹೊಸ ಕಾರು ಬೀದೀಲಿ ನಿಂತಿತ್ತು, ಅದರ ಪಕ್ಕದ ಕನ್ನಡಿಗೆ ಜೇನು ಮುತ್ತಿಕೊಂಡಿದೆ. ಗಡ್ಡ ಇಳಿಬಿಟ್ಟ ಅಂಗೆ ಒಂದು ಮೊಳ ಉದ್ದ, ಕಪ್ಪಗೆ ಮಿಜಿಗುಡ್ತಾ ಇದೆ. ಮೇಲೆ ಆಕಾಶದ ತುಂಬ ಹುಳ. ನಮ್ಮ ಅಡುಗೆಮನೆ ಗೋಡೇದೇ, ಪಾಲಾಗಿ ಅರ್ಧ ಹೊರಗೆ ಬಂದಿದೆ. ನನಗೆ ಗೊತ್ತಾಗಲಿಲ್ಲ. ಮಕ್ಕಳು ಹೇಳಿದವು.

ನಂದಕುಮಾರ ಗೇಟಿನ ಹಿಂದೆ ನಿಂತು ಟವೆಲ್ ಬೀಸ್ತಾ ಇದ್ದ. ಔಷಧಿಯವನಿಗೆ ಫೋನ್ ಮಾಡಿ ಆಗಿತ್ತು.

ವನಿತಾ ಬ್ಯಾಗು ಕೆಳಗಿಟ್ಟು ಮುಂದೆ ಹೋದಳು.

"ಅಂಕಲ್, ಟವೆಲ್ ಬೀಸಬೇಡಿ. ಅವಕ್ಕೆ ಈಗ ಮನೆ ಇಲ್ಲ. ಮರಿ ಇಲ್ಲ, ತುಪ್ಪ ಇಲ್ಲ. ಕಾಯೋಕೆ ಏನೂ ಇಲ್ಲದೆ ಇದ್ದಾಗ ಅವು ಕಚ್ಚೋದು ಕಮ್ಮಿ. ನಾವು ದೂರ ನಿಂತ್ರೆ ಸಾಕು. ಮನೆ ಸಿಕ್ಕಿದ ತಕ್ಷಣ ಹೋಗ್ತಾವೆ."

"ನಿನಗೇ ಕಚ್ಚಿತ್ತಲ್ಲೇ, ಪಾಪು?"

"ಅವತ್ತು ನಾನು ಅವರ ಬಾಗಿಲಿಗೆ ಅಡ್ಡ ನಿಂತಿದ್ದೆ ಅಂಕಲ್. ಕಚ್ಚದೆ ಇನ್ನೇನು ಮಾಡ್ತಾವೆ?"

ನಂದಕುಮಾರನ ಕೈ ಟವೆಲ್ ಸಮೇತ ಕೆಳಗಿಳೀತು. ಮಕ್ಕಳು ಕಾರಿಂದ ಹತ್ತು ಹೆಜ್ಜೆ ದೂರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬರೋರು ಹೋಗೋರನ್ನೆಲ್ಲ ಗೆರೆ ದಾಟದ ಅಂಗೆ ತಡೆದವು. ಕೊರಿಯರ್ ಹುಡುಗನಿಗೂ ಬಿಡಲಿಲ್ಲ, ಸೊಪ್ಪಿನ ಗಾಡಿಗೂ ಬಿಡಲಿಲ್ಲ. "ಸುತ್ಕೊಂಡು ಹೋಗಿ ಅಣ್ಣ, ಮನೆ ಹುಡುಕ್ತಾ ಇದಾವೆ," ಅಂತ ಒಂದೇ ಪಾಠ. ಆಮೇಲೆ ಗೆರೆ ಈಚೆ ಸಾಲಾಗಿ ಕೂತವು. ಕಲಾವತಿ ಮಗಳನ್ನ ಎಳ್ಕೊಂಡು ಹೋಗೋಕೆ ಬಂದವಳು ತಾನೂ ನಿಂತುಬಿಟ್ಟಳು.

ಅಷ್ಟರಲ್ಲಿ ಔಷಧಿಯವನು ಬಂದ. ಕ್ಯಾನ್ ಇಳಿಸಿ ಪಂಪ್ ಒತ್ತೋಕೆ ಶುರು ಮಾಡಿದ. ನನಗೆ ತಲೆಗೆ ಏರ್ತು. ಸೀರೆ ಎತ್ತಿ ಕಟ್ಟಿ, "ಮುಟ್ಟು ನೋಡೋಣ!" ಅಂತ ಗೆರೆ ದಾಟಿ ಒಂದು ಹೆಜ್ಜೆ ಇಟ್ಟೆ. ಹಿಂದಿನಿಂದ ಯಾರೋ ಸೆರಗು ಹಿಡಿದು ಎಳೆದ್ರು.

"ಅಜ್ಜಿ, ಕೂಗಬೇಡಿ. ಈ ಕಡೆ ಬನ್ನಿ. ಕೂತ್ಕೊಳ್ಳಿ."

ವನಿತಾ. ಐವತ್ತು ದಿನದ ಮೇಲೆ ಅವಳಾಗೇ ನನ್ನ ಹತ್ರ ಆಡಿದ ಮೊದಲನೇ ಮಾತು.

ಯಾರ ಮಾತಿಗೂ ಹಿಂದೆ ಸರಿದವಳಲ್ಲ ನಾನು. ಸರಿದೆ. ರೋಡಲ್ಲೇ ಅವಳ ಪಕ್ಕ ಕೂತೆ.

ನಂದಕುಮಾರ ಒಂದು ಸಲ ಕಾರು ನೋಡಿದ. ಒಂದು ಸಲ ಸಾಲಾಗಿ ಕೂತ ಮಕ್ಕಳನ್ನ ನೋಡಿದ. ಗೇಟು ತೆಗೆದು ಹೊರಗೆ ಬಂದ.

"ನೀನು ಹೋಗಪ್ಪ," ಅಂದ ಔಷಧಿಯವನಿಗೆ. "ಇಲ್ಲಿ ಮಕ್ಕಳು ನೋಡ್ಕೋತಾ ಇದಾರೆ. ಶಾಲೆ ಗೋಡೆಗೂ ಇನ್ನು ಬರೋದು ಬೇಡ. ತೂತಿನ ಮುಂದೆ ಇಂಥದ್ದೇ ಒಂದು ಗೆರೆ ಹೊಡೆಸಿದ್ರೆ ಆಯ್ತು."

ಬಂದು ಅವನೂ ಗೆರೆ ಈಚೆ ಕೂತ. ಬಿಳೀ ಪ್ಯಾಂಟಲ್ಲೇ.

ಮೂರು ಗಂಟೆವರೆಗೆ ಕೂತಿದ್ವಿ ಕಣಮ್ಮ. ಕಲಾವತಿ ಎಲ್ಲರಿಗೂ ಚಿತ್ರಾನ್ನ ಕಲಸಿ ತಂದಳು. ಮೂರು ಗಂಟೆಗೆ ಗಡ್ಡ ಬಿಚ್ಚಿಕೊಂಡಿತು. ಎಲ್ಲಾ ಒಟ್ಟಿಗೆ ಎದ್ದವು, ಒಂದು ಸುತ್ತು ಹೊಡೆದು ಜಕ್ಕೂರು ಕೆರೆ ಕಡೆ ಹೋದವು. ಮಕ್ಕಳು ಚಪ್ಪಾಳೆ ಹೊಡೀಲಿಲ್ಲ, ಕೂಗಲಿಲ್ಲ. ಕತ್ತೆತ್ತಿ ನೋಡ್ತಾ ಇದ್ದವು. ಬೀದಿ ಕೊನೇವರೆಗೂ ಸದ್ದು ಕೇಳಿತು ಅಂದ್ರು. ನನ್ನ ಎಡಗಡೆಯಿಂದ ಹೋದವು, ನನಗೆ ಕೇಳಲಿಲ್ಲ. ಆದ್ರೆ ವನಿತಾ ಸೆರಗು ಹಿಡಿದಿದ್ದಳಲ್ಲ, ಅವು ಮೇಲೆ ಎದ್ದಾಗ ಇನ್ನೂ ಬಿಗಿಯಾಗಿ ಹಿಡಿದಳು. ಹೋದ ಮೇಲೂ ಬಿಡಲಿಲ್ಲ.

ಬಿಡು ಅಂತ ನಾನೂ ಹೇಳಲಿಲ್ಲ.

ಮುನಿಯಲ್ಲಮ್ಮ